ಬೇಡವಾದುದನ್ನು ತೆಗೆಯುವ ವಿದ್ಯೆ



ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗಲೆಲ್ಲ ಒಬ್ಬರನ್ನೊಬ್ಬರು ಕೇಳುವ ಮೊದಲನೆಯ ಪ್ರಶ್ನೆ, "ಈಗ ಏನು ಮಾಡುತ್ತಿರುವೆ?" ಎಂಬುದು. ಗಣಕಯಂತ್ರದ ಮುಂದೆ ಕುಳಿತು ಮೊಬೈಲ್ ಆ್ಯಪುಗಳನ್ನು ರಚಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಮ್ಮಂಥವರು, "ಇಂಥದನ್ನು ಮಾಡಿದೆನು, ಅಂಥದನ್ನು ಸೇರಿಸಿದೆನು" ಎಂದು ಹೆಮ್ಮೆಯಿಂದ ಉತ್ತರ ಕೊಡುತ್ತೇವೆ. ಆದರೆ, "ನೀನು ಏನನ್ನು ತೆಗೆದುಹಾಕಿದೆ?" ಎಂದು ಇದುವರೆಗೆ ನನ್ನನ್ನು ಯಾರೂ ಕೇಳಿದ್ದಿಲ್ಲ, ನಾನೂ ಯಾರನ್ನೂ ಕೇಳಿದವಳಲ್ಲ. ಇದು ಕೇಳತಕ್ಕ ಪ್ರಶ್ನೆಯೇ ಎಂಬುದೂ, ಬೇಡವಾದ ಭಾಗವನ್ನು ಕ್ರಮವಾಗಿ, ಪೂರ್ಣವಾಗಿ ತೆಗೆಯುವುದು ಹೊಸದನ್ನು ಸೇರಿಸುವಷ್ಟೇ ಮುಖ್ಯವಾದ ಕಾರ್ಯವೆಂಬುದೂ ನನ್ನ ಅಭಿಪ್ರಾಯವು. ಈ ಅಭಿಪ್ರಾಯವನ್ನು ನಾನು ಪುಸ್ತಕದಿಂದ ಪಡೆಯಲಿಲ್ಲ, ನನ್ನ ಸ್ವಂತ ತಪ್ಪಿನಿಂದ ಪಡೆದೆನು. ಆದಕಾರಣ ಅದನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತೇನೆ.

ಈ ವೃತ್ತಿಯ ಪರಿಚಯವಿಲ್ಲದ ತಾಯಿತಂದೆಗಳ ಸಲುವಾಗಿ ಮೊದಲು ಒಂದೆರಡು ಮಾತು. ಮೊಬೈಲಿನಲ್ಲಿ ಕಾಣುವ ಆ್ಯಪು ಒಂದೇ ಮುದ್ದೆಯಾಗಿ ಹುಟ್ಟುವುದಿಲ್ಲ. ಅಡಿಗೆಮನೆ, ಉಗ್ರಾಣ, ಪಡಸಾಲೆ ಎಂದು ಮನೆಯನ್ನು ವಿಭಾಗಿಸುವಂತೆ ಆ್ಯಪನ್ನೂ ಹಲವು ಅಂಗಗಳಾಗಿ ವಿಭಾಗಿಸಿ ಕಟ್ಟುವರು. ಈ ಅಂಗಕ್ಕೆ ಮಾಡ್ಯೂಲ್ ಎಂದು ಹೆಸರು. ದೊಡ್ಡ ಕಾರ್ಯಕ್ರಮವನ್ನು ಮಾಡ್ಯೂಲುಗಳಾಗಿ ಹೇಗೆ ವಿಭಾಗಿಸಬೇಕೆಂಬುದನ್ನು ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು 1972ರಲ್ಲಿಯೇ ಒಂದು ಪ್ರಸಿದ್ಧ ಲೇಖನದಲ್ಲಿ ವಿಚಾರಮಾಡಿದರು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನು ಒಂದೊಂದು ಅಂಗದ ಒಳಗೆ ಅಡಗಿಸಿಟ್ಟರೆ, ಆ ಒಂದನ್ನು ಬದಲಿಸುವಾಗ ಉಳಿದವು ಅಲುಗಾಡಬೇಕಾಗಿಲ್ಲವೆಂಬುದು ಅವರ ತಾತ್ಪರ್ಯ. ಇಂದು ಆಂಡ್ರಾಯ್ಡ್ ಫೋನಿನ ಆ್ಯಪುಗಳನ್ನು ಕಟ್ಟಲು ಹೆಚ್ಚಾಗಿ ಉಪಯೋಗಿಸುವ ಸಾಧನವು ಆಂಡ್ರಾಯ್ಡ್ ಸ್ಟುಡಿಯೋ. ಅದರಲ್ಲಿ ಒಂದೊಂದು ಮಾಡ್ಯೂಲಿಗೂ ತನ್ನದೇ ಕಡತಕೋಶವೂ, ತನ್ನನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಬಿಲ್ಡ್.ಗ್ರೇಡಲ್ ಎಂಬ ಕಡತವೂ ಇರುತ್ತವೆ. ಇವೆಲ್ಲವುಗಳ ಹೆಸರುಗಳನ್ನು ಸೆಟಿಂಗ್ಸ್.ಗ್ರೇಡಲ್ ಎಂಬ ಇನ್ನೊಂದು ಕಡತದಲ್ಲಿ, ತರಗತಿಯ ಹಾಜರಿ ಪುಸ್ತಕದಲ್ಲಿ ಬರೆಯುವಂತೆ, ಬರೆದಿಡುವರು.

ಇನ್ನು ನನ್ನ ತಪ್ಪಿನ ವೃತ್ತಾಂತ. ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಸೇರಿ ತಾಯಂದಿರಿಗಾಗಿ ಒಂದು ಚಿಕ್ಕ ಆ್ಯಪನ್ನು ರಚಿಸಿದೆವು. ಮಗು ಹುಟ್ಟಿದಾಗ, ಅನಂತರ 6, 10, 14ನೆಯ ವಾರಗಳಲ್ಲಿ, ಮತ್ತೆ 9ನೆಯ ತಿಂಗಳಲ್ಲಿ ಹಾಕಿಸತಕ್ಕ ಲಸಿಕೆಗಳ ದಿನವನ್ನು ಮುಂಚಿತವಾಗಿ ನೆನಪಿಸುವುದೇ ಅದರ ಕೆಲಸ. ಸಮೀಪದ ಆರೋಗ್ಯ ಕೇಂದ್ರ ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸುವ ಮಾಡ್ಯೂಲೊಂದನ್ನೂ ಸೇರಿಸಬೇಕೆಂದು ನಾನು ಹಟಹಿಡಿದು, ಎರಡು ತಿಂಗಳು ರಾತ್ರಿಹಗಲು ದುಡಿದು ಅದನ್ನು ಬರೆದೆನು. ಕಡೆಗೆ ವಿಚಾರಿಸಿ ನೋಡಿದರೆ, ತಮ್ಮ ಊರಿನ ಆರೋಗ್ಯ ಕೇಂದ್ರ ಎಲ್ಲಿದೆಯೆಂಬುದು ಆ ತಾಯಂದಿರಿಗೆಲ್ಲ ನಮಗಿಂತ ಚೆನ್ನಾಗಿ ತಿಳಿದಿತ್ತು. ನಕ್ಷೆ ಬೇಡವೆಂದು ತೀರ್ಮಾನವಾಯಿತು. ನಾನು ನಕ್ಷೆಯ ಗುಂಡಿಯನ್ನು ಮಾತ್ರ ಪರದೆಯಿಂದ ಮರೆಮಾಡಿ, ಮಾಡ್ಯೂಲನ್ನು ಇದ್ದಲ್ಲಿಯೇ ಬಿಟ್ಟೆನು. "ಮುಂದೆ ಎಂದಾದರೂ ಬೇಕಾದೀತು" ಎಂಬುದು ನಾನು ಬಾಯಿಂದ ಹೇಳಿದ ಕಾರಣ. ನನ್ನ ಎರಡು ತಿಂಗಳ ದುಡಿಮೆಯನ್ನು ನನ್ನ ಕೈಯಿಂದಲೇ ಅಳಿಸಲು ಮನಸ್ಸಾಗದಿದ್ದುದೇ ನಿಜವಾದ ಕಾರಣ.

ಅದರ ಫಲವೇನಾಯಿತು? ಆಂಡ್ರಾಯ್ಡಿನಲ್ಲಿ ಪ್ರತಿಯೊಂದು ಮಾಡ್ಯೂಲೂ ತನಗೆ ಏನೇನು ಅನುಮತಿ ಬೇಕೆಂಬುದನ್ನು ಮ್ಯಾನಿಫೆಸ್ಟ್ ಎಂಬ ಘೋಷಣಾಪತ್ರದಲ್ಲಿ ಬರೆದುಕೊಳ್ಳುವುದು. ಆ್ಯಪನ್ನು ಕಟ್ಟುವಾಗ ಅದು ಅವಲಂಬಿಸಿರುವ ಎಲ್ಲ ಮಾಡ್ಯೂಲುಗಳ ಘೋಷಣಾಪತ್ರಗಳೂ ಕೂಡಿ ಒಂದಾಗುವುವು. ನನ್ನ ನಕ್ಷೆಯ ಮಾಡ್ಯೂಲು, ಫೋನು ಇರುವ ಸ್ಥಳವನ್ನು ಅರಿಯುವ ಅನುಮತಿಯನ್ನು ಬೇಡಿತ್ತು. ಗುಂಡಿ ಮರೆಯಾದರೂ ಆ ಬೇಡಿಕೆ ಮರೆಯಾಗಲಿಲ್ಲ. ಆ್ಯಪು ಮೊದಲ ಸಲ ತೆರೆದೊಡನೆ ಘೋಷಣಾಪತ್ರದಲ್ಲಿ ಕಂಡ ಅನುಮತಿಗಳನ್ನೆಲ್ಲ ಒಮ್ಮೆಗೇ ಕೇಳುವಂತೆ ನಾವು ಬರೆದಿದ್ದೆವು. ಹೀಗಾಗಿ ಲಸಿಕೆಯ ದಿನವನ್ನಷ್ಟೇ ತಿಳಿಯಬೇಕೆಂದಿದ್ದ ಬಾಣಂತಿಯ ಎದುರಿಗೆ, "ನೀವು ಇರುವ ಸ್ಥಳವನ್ನು ತಿಳಿಯಬಹುದೇ?" ಎಂಬ ಪ್ರಶ್ನೆ ಬಂದು ನಿಂತಿತು. ಒಬ್ಬ ತಾಯಿ ತಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದಳಂತೆ: "ಅಕ್ಕಾ, ಮಗುವಿನ ಸೂಜಿಯ ದಿನ ಹೇಳಲಿಕ್ಕೆ ನಾನೆಲ್ಲಿದ್ದೇನೆಂದು ಇದಕ್ಕೇಕೆ ಬೇಕು?" ಆಕೆ ಆ್ಯಪನ್ನೇ ತೆಗೆದುಹಾಕಿದಳು, ಆಕೆಯ ಮಾತು ಕೇಳಿ ನೆರೆಯವರೂ ತೆಗೆದರು. ಆ ಕಾರ್ಯಕರ್ತೆ ಈ ಮಾತನ್ನು ನಮಗೆ ತಿಳಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಆ ತಾಯಿಯ ಪ್ರಶ್ನೆ ಸರಿಯಾಗಿತ್ತು. ನಮಗೆ ಬೇಡದ ಸಂಗತಿಯನ್ನು ನಾವು ಆಕೆಯಿಂದ ಕೇಳಿದ್ದೆವು.

ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳನ್ನು ಇನ್ನು ಒಂದೊಂದಾಗಿ ಪರಿಶೀಲಿಸೋಣ.

"ಉಪಯೋಗಿಸದಿದ್ದರೆ ಅದು ಸುಮ್ಮನೆ ಬಿದ್ದಿರುವುದು, ಅದರಿಂದ ಕೇಡೇನು?" ಎನ್ನುವವರುಂಟು. ಇಲ್ಲಿ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಮಾಡ್ಯೂಲಿನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದು, ಬೇರೆ ಯಾವ ಅಂಗವೂ ಅದನ್ನು ಅವಲಂಬಿಸದಿದ್ದರೆ, ಅದು ಬಳಸುವವರ ಫೋನಿಗೆ ಹೋಗುವುದಿಲ್ಲ. ಆಗ ಕಷ್ಟವೆಲ್ಲ ರಚಿಸುವವರಿಗೇ: ಆ್ಯಪನ್ನು ಕಟ್ಟುವ ಕಾಲ ಹೆಚ್ಚುವುದು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅದನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕಾಗಿ ವ್ಯರ್ಥವಾಗಿ ದಿನಗಳನ್ನು ಕಳೆಯುವಳು. ಮುಖ್ಯ ಅಂಗವು ಅದನ್ನು ಅವಲಂಬಿಸಿದ್ದರೆ ಮಾತ್ರ ಅದು ಫೋನಿನ ತನಕವೂ ಪ್ರಯಾಣಮಾಡುವುದು. ಉಪಯೋಗಿಸದ ಬರೆಹವನ್ನು ತಾನಾಗಿಯೇ ಕತ್ತರಿಸುವ ಆರ್8 ಎಂಬ ಸಾಧನವು 2019ರಿಂದ ಆಂಡ್ರಾಯ್ಡಿನ ಕಟ್ಟಡದ ಕ್ರಮದಲ್ಲಿ ಸೇರಿದೆಯೆಂಬುದು ನಿಜ. ಆದರೆ ಅದು ಘೋಷಣಾಪತ್ರದಲ್ಲಿ ಬರೆದ ಅನುಮತಿಗಳನ್ನು ತೆಗೆಯುವುದಿಲ್ಲ. ಆ ಪತ್ರದಲ್ಲಿ ಹೆಸರಿಸಿದ ಘಟಕಗಳನ್ನು ಬಳಕೆಯಲ್ಲಿರುವವೆಂದೇ ಭಾವಿಸಿ ಉಳಿಸುವುದು. ಯಂತ್ರವು ಕಸಗುಡಿಸೀತು, ಆದರೆ ಯಾವುದು ಕಸವೆಂದು ಹೇಳಬೇಕಾದವರು ನಾವೇ.

ಹಿಂದೆ ಹಾನಿಮಾಡದಿದ್ದುದು ಮುಂದೆಯೂ ಮಾಡದೆಂದು ನಂಬಿದವರ ಕಥೆಯೊಂದು ಪ್ರಸಿದ್ಧವಾಗಿದೆ. 1996ನೆಯ ಇಸವಿ ಜೂನ್ 4ರಂದು ಫ್ರೆಂಚ್ ಗಯಾನದ ಕೂರೂ ಎಂಬಲ್ಲಿಂದ ಏರಿಯಾನ್ 5 ಎಂಬ ಯೂರೋಪಿನ ಹೊಸ ರಾಕೆಟ್ಟು ತನ್ನ ಮೊದಲನೆಯ ಪ್ರಯಾಣಕ್ಕೆ ಹೊರಟಿತು. ಹಿಂದಿನ ಏರಿಯಾನ್ 4ರಿಂದ ತಂದ ಒಂದು ಗಣನೆಯ ಭಾಗವು ಅದರಲ್ಲಿ ಹಾಗೆಯೇ ಉಳಿದಿತ್ತು. ಹೊಸ ರಾಕೆಟ್ಟಿಗೆ ನೆಲವನ್ನು ಬಿಟ್ಟಮೇಲೆ ಆ ಗಣನೆಯಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದರೂ ಅದು ನಡೆಯುತ್ತಲೇ ಇತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಅದರ ಸಂಖ್ಯೆಯೊಂದು ನಿಯಮಿತವಾದ ಸ್ಥಳದಲ್ಲಿ ಹಿಡಿಸಲಾರದೆ ಉಕ್ಕಿತು. ದಿಕ್ಕುತೋರುವ ಯಂತ್ರಗಳೆರಡೂ ನಿಂತುಹೋಗಿ, ಹೊರಟ ಒಂದು ನಿಮಿಷದೊಳಗಾಗಿಯೇ ರಾಕೆಟ್ಟು ತಾನು ಹೊತ್ತಿದ್ದ ನಾಲ್ಕು ಉಪಗ್ರಹಗಳ ಸಮೇತ ಆಕಾಶದಲ್ಲಿ ಚೂರುಚೂರಾಯಿತು. ಬೇಕಾದ ಭಾಗದ ಕೊರತೆಯಿಂದಲ್ಲ, ಬೇಡವಾದ ಭಾಗ ಉಳಿದುದರಿಂದ ಈ ನಷ್ಟವುಂಟಾಯಿತೆಂಬುದನ್ನು ನಾವು ಗಮನಿಸತಕ್ಕದ್ದು.

"ಪೂರ್ತಿಯಾಗಿ ಏಕೆ ತೆಗೆಯಬೇಕು? ನಡೆಯದಂತೆ ತಡೆದಿಟ್ಟರೆ ಸಾಲದೇ?" ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವಾಗಿ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯ ಗತಿಯನ್ನು ನೋಡಬಹುದು. ಅವರ ಗಣಕಗಳಲ್ಲಿ ಪವರ್ ಪೆಗ್ ಎಂಬ ಭಾಗವೊಂದು 2003ರಲ್ಲಿಯೇ ಬಳಕೆ ತಪ್ಪಿದ್ದರೂ ತೆಗೆಯದೆ ಉಳಿದುಕೊಂಡಿತ್ತು. 2012ರಲ್ಲಿ, ಹಿಂದೆ ಅದನ್ನು ನಡೆಯಿಸುತ್ತಿದ್ದ ಸಂಕೇತವನ್ನೇ ಬೇರೊಂದು ಹೊಸ ಕಾರ್ಯಕ್ಕೆ ಉಪಯೋಗಿಸಿದರು. 8 ಸರ್ವರುಗಳಲ್ಲಿ ಒಂದಕ್ಕೆ ಹೊಸ ಬರೆಹವನ್ನು ಹಾಕಲು ಮರೆತರು. ಆಗಸ್ಟ್ 1ರ ಬೆಳಗ್ಗೆ ಹೊಸ ಸಂಕೇತವು ಆ ಒಂದು ಸರ್ವರಿನಲ್ಲಿ ಮಲಗಿದ್ದ ಹಳೆಯ ಭಾಗವನ್ನು ಎಬ್ಬಿಸಿತು. ಅದು ಸುಮಾರು 45 ನಿಮಿಷಗಳಲ್ಲಿ ಬೇಡದ ಷೇರುಗಳನ್ನು ಕೊಂಡು ಮಾರಿ 46 ಕೋಟಿ ಡಾಲರಿಗೂ ಅಧಿಕವಾದ ನಷ್ಟವನ್ನು ಉಂಟುಮಾಡಿತು. ಮರುವರ್ಷವೇ ಆ ಸಂಸ್ಥೆ ಮತ್ತೊಂದರಲ್ಲಿ ಲೀನವಾಯಿತು. ಒಂಬತ್ತು ವರ್ಷ ಸುಮ್ಮನೆ ಮಲಗಿದ್ದುದು ಒಂದು ಬೆಳಗ್ಗೆ ಎದ್ದಿತು. ಬೀಗ ಹಾಕಿ ಇಟ್ಟುದಕ್ಕೂ ಮನೆಯಿಂದ ಕಳುಹಿಸಿದುದಕ್ಕೂ ಇರುವ ಅಂತರವಿದು.

"ನಾಳೆ ಬೇಕಾದರೆ ಏನು ಮಾಡುವುದು?" ಎಂಬುದು ಮೂರನೆಯದು; ನನ್ನ ಬಾಯಿಂದಲೇ ಬಂದ ಮಾತಿದು. ಇದಕ್ಕೂ ಸಮಾಧಾನವಿದೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಎಂಬವರು ರಚಿಸಿದ ಗಿಟ್ ಎಂಬ ಸಾಧನವನ್ನು ಈಗ ಬಹುತೇಕ ಎಲ್ಲರೂ ಉಪಯೋಗಿಸುವರು. ಯಾವ ದಿನ, ಯಾರು, ಯಾವ ಸಾಲನ್ನು ಬರೆದರು, ಯಾವುದನ್ನು ತೆಗೆದರು ಎಂಬುದನ್ನೆಲ್ಲ ಅದು ದಿನಚರಿಯಂತೆ ಕಾಪಾಡುವುದು. ಇಂದು ತೆಗೆದ ಮಾಡ್ಯೂಲನ್ನು ಐದು ವರ್ಷಗಳ ಅನಂತರ ಬೇಕಾದರೂ ಅಲ್ಲಿಂದ ಹಾಗೆಯೇ ಹೊರಗೆ ತರಬಹುದು. ಆದುದರಿಂದ ತೆಗೆಯುವುದೆಂದರೆ ನಾಶಮಾಡುವುದಲ್ಲ. ಉಪಯೋಗದ ಸ್ಥಳದಿಂದ ನೆನಪಿನ ಸ್ಥಳಕ್ಕೆ ಸಾಗಿಸುವುದು. "ಬರೆದವರ ಮನಸ್ಸು ನೋಯುವುದಲ್ಲವೇ?" ಎಂಬ ನಾಲ್ಕನೆಯ ಆಕ್ಷೇಪಕ್ಕೂ ಇದೇ ಉತ್ತರ. ನನ್ನ ಎರಡು ತಿಂಗಳ ದುಡಿಮೆ ನನ್ನ ಹೆಸರಿನೊಡನೆ ಇಂದಿಗೂ ಆ ದಿನಚರಿಯಲ್ಲಿದೆ. ಅದು ತಾಯಂದಿರ ಫೋನುಗಳಲ್ಲಿ ಇರಬೇಕಾದ ಅಗತ್ಯವಿರಲಿಲ್ಲ.

ಹೀಗೆ ತೆಗೆಯತಕ್ಕದ್ದೆಂದು ಒಪ್ಪಿದಮೇಲೆ, ಹೇಗೆ ತೆಗೆಯಬೇಕೆಂಬುದನ್ನೂ ಹೇಳಬೇಕಷ್ಟೆ. ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಹೊಲಿಯುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ಬಿಚ್ಚುವುದನ್ನೂ ಕಲಿತೆವೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ತಪ್ಪಾಗಿ ಬಿದ್ದ ಹೊಲಿಗೆಯನ್ನು ಸಿಟ್ಟಿನಿಂದ ಜಗ್ಗಿದರೆ ಬಟ್ಟೆಯೇ ಹರಿಯುವುದು. ಅಲ್ಲಲ್ಲಿ ಎಳೆಯನ್ನು ಕತ್ತರಿಸಿ, ನಿಧಾನವಾಗಿ ಸೆಳೆದು, ಉಳಿದ ನೂಲಿನ ತುಣುಕುಗಳನ್ನು ಆರಿಸಿ ತೆಗೆದಮೇಲೆಯೇ ಆ ಕೆಲಸ ಮುಗಿಯುವುದು. ಮಾಡ್ಯೂಲನ್ನು ತೆಗೆಯುವ ಕ್ರಮವೂ ಹೀಗೆಯೇ ಇದೆ.

ಮೊದಲನೆಯದಾಗಿ, ಯಾರು ಯಾರು ಅದನ್ನು ಅವಲಂಬಿಸಿದ್ದಾರೆಂದು ಹುಡುಕಬೇಕು. ಅದರ ಹೆಸರನ್ನು ಯೋಜನೆಯ ತುಂಬ ಶೋಧಿಸಬೇಕು. ಎರಡನೆಯದಾಗಿ, ಉಳಿದ ಅಂಗಗಳಲ್ಲಿ ಅದನ್ನು ಕರೆಯುವ ಸಾಲುಗಳನ್ನೂ ಅದಕ್ಕೆ ಸೇರಿದ ಪರದೆಗಳನ್ನೂ ತೆಗೆಯಬೇಕು. ಮೂರನೆಯದಾಗಿ, ಆ ಅಂಗಗಳ ಬಿಲ್ಡ್.ಗ್ರೇಡಲ್ ಕಡತಗಳಲ್ಲಿ ಅವಲಂಬನೆಯನ್ನು ಸಾರುವ ಸಾಲನ್ನು ಅಳಿಸಬೇಕು. ನಾಲ್ಕನೆಯದಾಗಿ, ಸೆಟಿಂಗ್ಸ್.ಗ್ರೇಡಲಿನಿಂದ ಅದರ ಹೆಸರನ್ನು ಕೈಬಿಡಬೇಕು. ಆಂಡ್ರಾಯ್ಡ್ ಸ್ಟುಡಿಯೋದ ಪ್ರಾಜೆಕ್ಟ್ ಸ್ಟ್ರಕ್ಚರ್ ಎಂಬ ಪುಟದಲ್ಲಿ ಮಾಡ್ಯೂಲನ್ನು ಆರಿಸಿ ಕಳೆಯುವ ಚಿಹ್ನೆಯನ್ನು ಒತ್ತಿದರೂ ಇದೇ ಆಗುವುದು. ಆದರೆ ಎಚ್ಚರಿಕೆ! ಇಷ್ಟರಿಂದ ಹೆಸರು ಹೋಯಿತೇ ಹೊರತು ಕಡತಕೋಶವು ಡಿಸ್ಕಿನಲ್ಲಿ ಹಾಗೆಯೇ ಇರುವುದು. ಅನೇಕರು ಇಲ್ಲಿಗೇ ನಿಲ್ಲಿಸುವರು. ಐದನೆಯದಾಗಿ ಆ ಕೋಶವನ್ನೂ ಅಳಿಸಬೇಕು. ಆರನೆಯದಾಗಿ, ಅದಕ್ಕಾಗಿ ಮಾತ್ರ ತಂದಿದ್ದ ಗ್ರಂಥಾಲಯಗಳು, ಚಿತ್ರಗಳು, ಗುಪ್ತ ಕೀಲಿಗಳು ಎಲ್ಲಾದರೂ ಉಳಿದಿವೆಯೇ ಎಂದು ನೋಡಿ ತೆಗೆದು, ಆ್ಯಪನ್ನು ಮೊದಲಿನಿಂದ ಹೊಸದಾಗಿ ಕಟ್ಟಿ, ಕೂಡಿಬಂದ ಘೋಷಣಾಪತ್ರವನ್ನು ಕಣ್ಣಾರೆ ಓದಿ, ಫೋನಿನಲ್ಲಿ ಪರೀಕ್ಷಿಸಬೇಕು. ಕಡೆಯದಾಗಿ, ಏಕೆ ತೆಗೆದೆವೆಂಬ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಗಿಟ್ ದಿನಚರಿಯಲ್ಲಿ ಬರೆದಿಡಬೇಕು.

ಈ ಕ್ರಮ ತಪ್ಪಿದರೆ ತೊಂದರೆ ತಪ್ಪದು. ಅವಲಂಬನೆಯ ಸಾಲು ಉಳಿದಿರುವಾಗಲೇ ಹಾಜರಿ ಪುಸ್ತಕದಿಂದ ಹೆಸರನ್ನು ತೆಗೆದರೆ, ಅಂಥ ಹೆಸರಿನ ಅಂಗವು ಸಿಕ್ಕಲಿಲ್ಲವೆಂದು ಗ್ರೇಡಲ್ ದೂರಿ ಕೆಲಸವನ್ನೇ ನಿಲ್ಲಿಸುವುದು. ಹೊಸಬರು ಹೆದರಿ, ತೆಗೆದುದನ್ನು ಮತ್ತೆ ಸೇರಿಸಿ, ಇನ್ನೆಂದೂ ಆ ಕೆಲಸಕ್ಕೆ ಕೈಹಾಕಬಾರದೆಂದು ಶಪಥಮಾಡುವರು. ವಾಸ್ತವವಾಗಿ ಆ ದೂರು ಉಪಕಾರವೇ ಸರಿ. ಎಲ್ಲಿ ಎಳೆ ಉಳಿದಿದೆಯೆಂದು ಅದು ಬೆರಳಿಟ್ಟು ತೋರಿಸುವುದು. ಆಪಲ್ ಫೋನುಗಳಿಗಾಗಿ ಬರೆಯುವ ಎಕ್ಸ್‌ಕೋಡ್ ಎಂಬ ಸಾಧನದಲ್ಲಿಯಾದರೋ ಕಡತವನ್ನು ಅಳಿಸಹೊರಟಾಗ, ಯೋಜನೆಯಿಂದ ಉಲ್ಲೇಖವನ್ನು ಮಾತ್ರ ತೆಗೆಯಬೇಕೇ, ಕಡತವನ್ನೇ ಕಸದಬುಟ್ಟಿಗೆ ಸಾಗಿಸಬೇಕೇ ಎಂದು ಅದೇ ಕೇಳುವುದು. ಹೆಸರನ್ನು ತೆಗೆಯುವುದು ಬೇರೆ, ವಸ್ತುವನ್ನು ತೆಗೆಯುವುದು ಬೇರೆ ಎಂಬ ವಿವೇಕವನ್ನು ಆ ಪ್ರಶ್ನೆಯಿಂದ ಕಲಿಯಬಹುದು.

ಇಷ್ಟು ಹೇಳಿದುದರಿಂದ, ಕಂಡಕಂಡದ್ದನ್ನೆಲ್ಲ ಕಿತ್ತುಹಾಕುವುದೇ ಜಾಣತನವೆಂದು ಯಾರೂ ಭಾವಿಸಬಾರದು. ತನಗೆ ಅರ್ಥವಾಗದುದೆಲ್ಲ ನಿರುಪಯೋಗವಾದುದಲ್ಲ. ಬರೆಹದಲ್ಲಿ ನೇರವಾಗಿ ಹೆಸರಿಸದೆ, ಆ್ಯಪು ನಡೆಯುವಾಗ ಮಾತ್ರ ಹೆಸರಿನಿಂದ ಹುಡುಕಿ ಕರೆಯಲ್ಪಡುವ ಭಾಗಗಳಿರುತ್ತವೆ. ಶೋಧನೆಯಲ್ಲಿ ಅವು ಕಾಣದೆ ಹೋಗಬಹುದು. ಹಳೆಯ ಮಾಡ್ಯೂಲು ಬಳಸುವವರ ಫೋನಿನಲ್ಲಿ ಅವರ ಲೆಕ್ಕಗಳನ್ನೋ ಟಿಪ್ಪಣಿಗಳನ್ನೋ ಕೂಡಿಟ್ಟಿದ್ದರೆ, ಅವುಗಳನ್ನು ಭದ್ರವಾದ ಸ್ಥಳಕ್ಕೆ ಸಾಗಿಸುವ ಮೊದಲು ಮಾಡ್ಯೂಲನ್ನು ತೆಗೆಯುವುದು ಅನ್ಯಾಯ. ಆದಕಾರಣ ಬರೆದವರನ್ನು ಕೇಳಿ, ಅವರಿಲ್ಲದಿದ್ದರೆ ದಿನಚರಿಯನ್ನು ಓದಿ, ಅದು ಏತಕ್ಕಾಗಿ ಹುಟ್ಟಿತೆಂಬುದನ್ನು ತಿಳಿದಮೇಲೆಯೇ ಕತ್ತರಿಯನ್ನು ಹಿಡಿಯಬೇಕು. ಹಟದಿಂದ ಉಳಿಸುವುದು ಹೇಗೆ ದೋಷವೋ ಆತುರದಿಂದ ಅಳಿಸುವುದೂ ಹಾಗೆಯೇ ದೋಷ.

ಇನ್ನೊಂದು ಸಂಗತಿ. ಈ ಕೆಲಸಕ್ಕೆ ಹೊಗಳಿಕೆ ಕಡಮೆಯಾಗಿರುವುದಕ್ಕೆ ನಾವು ಕೆಲಸವನ್ನು ಅಳೆಯುವ ರೀತಿಯೂ ಕಾರಣವಾಗಿದೆ. 1982ರ ಸುಮಾರಿಗೆ ಆಪಲ್ ಸಂಸ್ಥೆಯ ಲೀಸಾ ಗಣಕದ ವಿಭಾಗದಲ್ಲಿ, ಪ್ರತಿಯೊಬ್ಬರೂ ವಾರವಾರವೂ ಎಷ್ಟು ಸಾಲುಗಳನ್ನು ಬರೆದರೆಂದು ಒಂದು ನಮೂನೆಯಲ್ಲಿ ತುಂಬಿಕೊಡಬೇಕೆಂದು ಮೇಲಿನವರು ನಿಯಮಮಾಡಿದರಂತೆ. ಬಿಲ್ ಅಟ್ಕಿನ್‌ಸನ್ ಎಂಬ ಪ್ರವೀಣರು ಆ ವಾರ ತಮ್ಮ ಬರೆಹವೊಂದನ್ನು ಸರಳಗೊಳಿಸಿ, ಮೊದಲಿಗಿಂತ ಅದು ಬಹಳ ವೇಗವಾಗಿ ನಡೆಯುವಂತೆ ಮಾಡಿ, ಸುಮಾರು 2000 ಸಾಲುಗಳನ್ನು ತೆಗೆದುಹಾಕಿದ್ದರು. ಅವರು ನಮೂನೆಯಲ್ಲಿ "ಋಣ 2000" ಎಂದು ತುಂಬಿದರು. ಕೆಲವು ವಾರಗಳಾದಮೇಲೆ ಆ ನಮೂನೆಯನ್ನು ಅವರಿಂದ ಕೇಳುವುದನ್ನೇ ಮೇಲಿನವರು ನಿಲ್ಲಿಸಿದರೆಂದು ಅವರ ಸಹೋದ್ಯೋಗಿಯೊಬ್ಬರು ಬರೆದಿಟ್ಟಿದ್ದಾರೆ.

ಆದುದರಿಂದ ನನ್ನ ವಿಜ್ಞಾಪನೆಗಳು ಮೂರು. ಹೆತ್ತವರೇ, ನಿಮ್ಮ ಮಗಳು ಸಂಜೆ ಮನೆಗೆ ಬಂದು, "ಇಂದು ಹೊಸದೇನನ್ನೂ ಮಾಡಲಿಲ್ಲ, ಹಳೆಯದೊಂದನ್ನು ತೆಗೆದೆನು" ಎಂದರೆ, ದಿನ ವ್ಯರ್ಥವಾಯಿತೆಂದು ತಿಳಿಯಬೇಡಿರಿ. ಉಪಾಧ್ಯಾಯಿನಿಯರೇ, ಹುಡುಗಿಯರು ರಚಿಸಿದ ಯೋಜನೆಗೆ ಅಂಕಗಳನ್ನು ಕೊಡುವಾಗ ಎಷ್ಟು ಸೇರಿಸಿದರೆಂಬುದರ ಜೊತೆಗೆ, ಯಾವುದನ್ನು ಬೇಡವೆಂದು ತಿಳಿದು ಶುದ್ಧವಾಗಿ ತೆಗೆದರೆಂಬುದಕ್ಕೂ ಕೆಲವು ಅಂಕಗಳನ್ನು ಮೀಸಲಿಡಿರಿ. ಸಹೋದರಿಯರೇ, ನಿಮ್ಮ ಕೈಕೆಳಗೆ ದುಡಿಯುವ ತರುಣಿಯರಿದ್ದರೆ, ವಾರಕ್ಕೊಂದು ಘಂಟೆಯನ್ನಾದರೂ ಬೇಡವಾದುದನ್ನು ಹುಡುಕಿ ತೆಗೆಯುವುದಕ್ಕಾಗಿಯೇ ಅವರಿಗೆ ಬಿಟ್ಟುಕೊಡಿರಿ.

ನನ್ನ ನಕ್ಷೆಯ ಮಾಡ್ಯೂಲನ್ನು ನಾನೇ ತೆಗೆದೆನು. ಬರೆಯಲು ಎರಡು ತಿಂಗಳು ಹಿಡಿದುದನ್ನು ತೆಗೆಯಲು ಒಂದು ಮಧ್ಯಾಹ್ನ ಸಾಕಾಯಿತು. ಅನಂತರ ಕೂಡಿಬಂದ ಘೋಷಣಾಪತ್ರವನ್ನು ಓದಿದಾಗ ಸ್ಥಳವನ್ನು ಕೇಳುವ ಸಾಲು ಅದರಲ್ಲಿರಲಿಲ್ಲ. ಆಶಾ ಕಾರ್ಯಕರ್ತೆಯ ಮೂಲಕ ಆ ತಾಯಿಗೆ, "ಕ್ಷಮಿಸು ತಾಯೀ, ಅದು ನಮಗೆ ಬೇಕಾಗಿರಲಿಲ್ಲ, ಈಗ ತೆಗೆದಿದ್ದೇವೆ" ಎಂದು ಹೇಳಿಕಳುಹಿಸಿದೆನು. ಆಕೆ ಮತ್ತೆ ಆ್ಯಪನ್ನು ಹಾಕಿಕೊಂಡಳೋ ಇಲ್ಲವೋ ನಾನು ಅರಿಯೆನು. ಒಮ್ಮೆ ಹೋದ ನಂಬಿಕೆಯನ್ನು ಹಿಂದಕ್ಕೆ ತರುವ ಸಾಧನ ಯಾವ ಗಣಕದಲ್ಲಿಯೂ ಇಲ್ಲ. ಮುಂದಿನ ಸಮ್ಮೇಲನದಲ್ಲಿ ನಾವು ಮತ್ತೆ ಕೂಡಿದಾಗ, ಏನು ಮಾಡಿದೆಯೆಂಬ ಪ್ರಶ್ನೆಯ ಬೆನ್ನಿಗೇ ಏನನ್ನು ತೆಗೆದೆಯೆಂದೂ ನನ್ನನ್ನು ಕೇಳಿರಿ. ಉತ್ತರ ಹೇಳಲು ನಾನು ಸಿದ್ಧಳಾಗಿರುವೆನು.